ತರಗೆಲೆಯ ಮೇಲೆ ಬಟ್ಟೆ ಎಳೆದವರು
(ಕಕ್ಕಿಂಜೆಯ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಚಾರ್ಮಾಡಿ ಘಾಟಿಯ ಬುಡದಲ್ಲಿರುವ ನಿಮಗೆ ಕಾಡು ದೂರದ ವಸ್ತುವಲ್ಲ. ಹಟ್ಟಿಗೆ ಸೊಪ್ಪು, ಒಲೆಗೆ ಸೌದೆ ಅಲ್ಲಿಂದಲೇ ಬರಬೇಕು. ಆದಕಾರಣ, ಕಾಡಿನ ರೋಗವೊಂದನ್ನು ಅರಿಯಲು ವರ್ಷಗಟ್ಟಲೆ ದುಡಿದ ಸರ್ಕಾರಿ ವಿಜ್ಞಾನಿ ಡಾ. ಪಿ. ಕೆ. ರಾಜಗೋಪಾಲನ್ ಅವರ ವಿಷಯವನ್ನು ಇಂದು ಹೇಳಬಯಸುತ್ತೇನೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳ ಜನರೂ ಜ್ವರಕ್ಕೆ ಬಲಿಯಾದರು. ಇದು ಉಣುಗಿನ ಕಡಿತದಿಂದ ಹರಡುವ ವೈರಸ್ ರೋಗವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಕಂಡುಹಿಡಿದರು. ಅದೇ ಕೇಂದ್ರದ ಕೀಟಶಾಸ್ತ್ರಜ್ಞರಾಗಿದ್ದ ರಾಜಗೋಪಾಲನ್ ಅವರು ಸಾಗರದ ಸುತ್ತಲ ಕಾಡುಗಳಲ್ಲಿ ಉಣುಗುಗಳ ಬದುಕನ್ನು ಅಭ್ಯಸಿಸಿದರು. ತರಗೆಲೆಯ ಮೇಲೆ ಬಟ್ಟೆಯನ್ನು ಎಳೆಯುವುದು, ಅಂಟಿದ ಉಣುಗುಗಳನ್ನು ಒಂದೊಂದಾಗಿ ಎಣಿಸುವುದು: ಅಲ್ಲಿಯ ದಿನಚರಿ ಇದಾಗಿತ್ತು. ನೋಡಿದವರಿಗೆ ಇದು ಕೆಲಸವಿಲ್ಲದವರ ಕೆಲಸವೆಂದು ತೋರಿದ್ದರೆ ಆಶ್ಚರ್ಯವಿಲ್ಲ! ಆದರೆ ಸಣ್ಣ ಮರಿ ಉಣುಗುಗಳು ಚಳಿಗಾಲದಿಂದ ಬೇಸಗೆಯವರೆಗೆ ಹೆಚ್ಚುತ್ತವೆಂಬುದೂ, ಕಾಡಿನಲ್ಲಿ ಮೇಯುವ ದನಗಳ ರಕ್ತದಿಂದ ದೊಡ್ಡ ಉಣುಗುಗಳು ಪುಷ್ಟಗೊಂಡು ಸಂತಾನ ಬೆಳೆಸುತ್ತವೆಂಬುದೂ ತಿಳಿದುಬಂದದ್ದು ಇಂತಹ ಎಣಿಕೆಗಳಿಂದಲೇ.

ಮುಂದೆ ಅವರು 1975ರಿಂದ 1990ರವರೆಗೆ ಪುದುಚೇರಿಯ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದರು. ಕೇರಳದ ಚೇರ್ತಲದಲ್ಲಿ ಆನೆಕಾಲು ರೋಗದ ಸೊಳ್ಳೆಗಳಿಗೆ ಆಶ್ರಯವಾಗಿದ್ದ ನೀರುಕಳೆಯನ್ನು ಕೆರೆಗಳಿಂದ ತೆಗೆಸಿ, ಅಲ್ಲಿ ಮೀನು ಸಾಕುವಂತೆ ಜನರನ್ನೇ ಮುಂದೆ ತಂದ ಕಾರ್ಯ ಆ ಕೇಂದ್ರದ್ದು. ನನ್ನ ಮಟ್ಟಿಗೆ ಪದವಿಗಿಂತ ಇದೇ ದೊಡ್ಡದು. 1990ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಆ ಮಂಗನ ಕಾಯಿಲೆ ನಿಮ್ಮ ತಾಲ್ಲೂಕಿಗೂ ಬಂದಿತ್ತು. ನಿಡ್ಲೆಯ ಬಳಿ ಗೇರು ತೋಟಕ್ಕಾಗಿ ಕಾಡು ಕಡಿದ ತರುವಾಯ, 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ 1,500ಕ್ಕೂ ಹೆಚ್ಚು ಜನ ಹಾಸಿಗೆ ಹಿಡಿದರು. 150ರಷ್ಟು ಮಂದಿ ತೀರಿಕೊಂಡರು. ಹಿರಿಯರಲ್ಲಿ ಹಲವರಿಗೆ ಆ ಬೇಸಗೆ ನೆನಪಿರಬಹುದು.

ಸೊಪ್ಪಿಗೆ ಹೋಗುವವರು ಹೆಚ್ಚಾಗಿ ಗೃಹಿಣಿಯರು. ಎಚ್ಚರಿಕೆಯ ಹೊಣೆ ಮಾತ್ರ ದಂಪತಿಗಳಿಬ್ಬರದು. ಕಾಯಿಲೆಯ ಸುಳಿವಿರುವಾಗ ಆ ಕಾಡಿಗೆ ಹೋಗದಿರುವುದೇ ಲೇಸು. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ವಿತರಿಸುವ ಡೆಪಾ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳಿರಿ. ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ, ತೊಟ್ಟ ಬಟ್ಟೆಗಳನ್ನು ತೊಳೆಯಿರಿ. ಕಾಡಿಗೆ ಹೋಗಿಬಂದವರಿಗೆ ಹಠಾತ್ತನೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಸತ್ತ ಮಂಗವನ್ನು ಕಂಡರೆ ಮುಟ್ಟದೆ, ಮಕ್ಕಳನ್ನೂ ಹತ್ತಿರ ಬಿಡದೆ, ಅದೇ ದಿನ ಆರೋಗ್ಯ ಕಾರ್ಯಕರ್ತೆಯವರಿಗೆ ತಿಳಿಸಿರಿ.