ಬಚ್ಚಲಮನೆಯ ಹೊಗೆ ಎಲ್ಲಿಗೆ ಹೋಗುತ್ತದೆ?

(ಪುಣೆಯಲ್ಲಿ ದೀಪಾವಳಿಗೆ ಮುಂಚೆ ನಡೆದ ಮಹಿಳಾ ವೇದಿಕೆಯ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಕಾರ್ಯದರ್ಶಿಗಳು ಫೋನ್ ಮಾಡಿ, "ನೀನು ಐಟಿಯವಳು, ಆನ್‌ಲೈನ್ ಮೋಸದ ಬಗ್ಗೆ ಮಾತಾಡು" ಅಂದಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಬಹಳ ಜನ ಇದ್ದಾರೆ. ನಾನು ಗ್ಯಾಸ್ ಗೀಸರ್‌ನ ಹೊಗೆ ಕೊಳವೆಯ ಬಗ್ಗೆ ಮಾತಾಡುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದರಲ್ಲಿ ಮಾತಾಡೋಕೆ ಏನಿದೆ?" ಅಂತ ಕೇಳಿದರು. ಐದು ವರ್ಷದ ಹಿಂದೆ ನಾನೂ ಅದನ್ನೇ ಕೇಳುತ್ತಿದ್ದೆ.

ಆಗ ನಾನು ಬಾಣಂತಿ. ಮಗುವಿಗೆ ಒಂದೂವರೆ ತಿಂಗಳು. ಬಾಣಂತನಕ್ಕೆಂದು ಅಮ್ಮ ಸಾಗರದಿಂದ ಬಂದಿದ್ದರು. ನಮ್ಮದು ಬಾಡಿಗೆ ಫ್ಲ್ಯಾಟು, ಬಚ್ಚಲೊಳಗೇ ಗ್ಯಾಸ್ ಗೀಸರ್. ಡಿಸೆಂಬರ್ ತಿಂಗಳು, ಪುಣೆಯ ಚಳಿ ನಿಮಗೆ ಗೊತ್ತೇ ಇದೆ. "ಬಾಣಂತಿಗೆ ಗಾಳಿ ಸೋಕಬಾರದು ಕಣೇ, ಆ ಕಿಟಕಿ ಮುಚ್ಚು" ಅಂತ ಅಮ್ಮ ಹೇಳಿದರು. ಕಿಟಕಿಗೆ ಇದ್ದದ್ದು ಗಾಜಿನ ಪಟ್ಟಿಗಳು, ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಪ್ಲಾಸ್ಟಿಕ್ ಹಾಳೆ ತಂದು ನಾಲ್ಕೂ ಅಂಚಿಗೆ ಟೇಪ್ ಹಚ್ಚಿದವಳು ನಾನೇ. ಸೊಳ್ಳೆಯೂ ಬರುವುದಿಲ್ಲ ಅಂತ ಸಮಾಧಾನವಾಯಿತು.

ಮೊದಲು ಮಗುವಿಗೆ ಎಣ್ಣೆ, ಸ್ನಾನ. ಆಮೇಲೆ ನನಗೆ. ಕೊನೆಗೆ ಅಮ್ಮನದು. ಒಂದು ವಾರದಿಂದ ಇಬ್ಬರಿಗೂ ಸ್ನಾನವಾದ ಮೇಲೆ ತಲೆ ಭಾರ, ಹೊಟ್ಟೆ ತೊಳಸಿದ ಹಾಗೆ. ನನಗೆ ನಿದ್ದೆ ಇಲ್ಲ, ಅಮ್ಮನಿಗೆ ಬಿಪಿ ಅಂತ ನಾವೇ ತೀರ್ಮಾನ ಮಾಡಿಕೊಂಡೆವು. ಒಂದು ಬೆಳಿಗ್ಗೆ ಬಚ್ಚಲಲ್ಲಿ ನೀರು ಬೀಳುವ ಸದ್ದು ನಿಲ್ಲಲೇ ಇಲ್ಲ. ಕೂಗಿದರೆ ಅಮ್ಮನ ಉತ್ತರವೂ ಇಲ್ಲ. ನನ್ನ ಗಂಡ ಬಾಗಿಲಿಗೆ ಹೆಗಲು ಕೊಟ್ಟು ಚಿಲಕ ಮುರಿದರು. ಅಮ್ಮ ಗೋಡೆಗೆ ಒರಗಿ ಕುಸಿದಿದ್ದರು.

ಆಸ್ಪತ್ರೆಯಲ್ಲಿ ಬೆರಳಿಗೆ ಹಾಕುವ ಯಂತ್ರ ಆಮ್ಲಜನಕ 98 ಅಂತ ತೋರಿಸಿತು. ಇಸಿಜಿ ಆಯಿತು, ಸಕ್ಕರೆ ಪರೀಕ್ಷೆ ಆಯಿತು. ಆಮೇಲೆ ಡ್ಯೂಟಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಕೇಳಿದರು: "ನಿಮ್ಮನೆ ಗೀಸರ್ ಕರೆಂಟಿನದೋ, ಗ್ಯಾಸಿನದೋ?" ಆ ಒಂದು ಪ್ರಶ್ನೆಯಿಂದ ಸರಿಯಾದ ರಕ್ತ ಪರೀಕ್ಷೆಯಾಗಿ ಅಮ್ಮ ಉಳಿದರು. ಮೂರನೇ ದಿನ ಮನೆಗೆ ಬಂದರು. ಅವತ್ತಿಗೆ ಅರ್ಧ ಗಂಟೆ ಮುಂಚೆ ಅದೇ ಬಚ್ಚಲಲ್ಲಿ ನನ್ನ ಮಗು ಅಮ್ಮನ ಕಾಲಮೇಲೆ ಮಲಗಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ.

ನಾನು ಎಂಟೆಕ್ ಮಾಡಿದವಳು. ಉರಿಯುವುದಕ್ಕೆ ಗಾಳಿ ಬೇಕು ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಮನೆಯ ಬಚ್ಚಲಿಗೆ ಆ ಲೆಕ್ಕ ಹಾಕಿ ನೋಡಿರಲಿಲ್ಲ. ಈಗ ನಿಮ್ಮ ಜೊತೆ ಹಾಕುತ್ತೇನೆ.

ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಬೇಕಾದರೆ ಗೀಸರ್ ಸುಮಾರು ಹತ್ತೂವರೆ ಕಿಲೋವಾಟ್ ಶಾಖ ಕೊಡಬೇಕು. ಅಡುಗೆ ಒಲೆಯ ಐದು ಬರ್ನರ್ ಒಟ್ಟಿಗೆ ಜೋರಾಗಿ ಉರಿದ ಹಾಗೆ. ಅದಕ್ಕೆ ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ ಎಲ್‌ಪಿಜಿ ಬೇಕು. ಒಂದು ಕಿಲೋ ಎಲ್‌ಪಿಜಿ ಪೂರ್ತಿ ಉರಿಯಲು ಸುಮಾರು 12ರಿಂದ 13 ಘನ ಮೀಟರ್ ಗಾಳಿ ಬೇಕು. ಐದು ಅಡಿ ಅಗಲ, ಏಳು ಅಡಿ ಉದ್ದ, ಎಂಟು ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ 8 ಘನ ಮೀಟರ್ ಗಾಳಿ. ಅಂದರೆ ಮುಚ್ಚಿದ ಬಚ್ಚಲಲ್ಲಿ ಗೀಸರ್ ಅರ್ಧ ಗಂಟೆ ಉರಿದರೆ ಒಳಗಿನ ಗಾಳಿಯ ಮುಕ್ಕಾಲು ಪಾಲು ಅದಕ್ಕೇ ಬೇಕು. ಉಸಿರಾಡಬೇಕಾದ ನಾವು ಅದರ ಜೊತೆ ಪಾಲಿಗೆ ನಿಂತಿರುತ್ತೇವೆ.

ಗಾಳಿ ಸಾಕಷ್ಟಿದ್ದರೆ ಗ್ಯಾಸಿನ ಇಂಗಾಲ ಪೂರ್ತಿ ಉರಿದು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಕಡಿಮೆಯಾದರೆ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಬರುವುದಿಲ್ಲ. ಸಿಲಿಂಡರ್ ಸೋರಿದರೆ ಬರುತ್ತದಲ್ಲ, ಆ ಕೆಟ್ಟ ವಾಸನೆ ಉರಿಯದ ಗ್ಯಾಸಿಗೆ ಬೇಕೆಂದೇ ಸೇರಿಸಿದ್ದು. ಉರಿದ ಮೇಲೆ ಆ ವಾಸನೆ ಇರುವುದಿಲ್ಲ. ಹಾಗಾಗಿ "ನಮ್ಮನೇಲಿ ವಾಸನೆ ಇಲ್ಲ, ಅಪಾಯ ಇಲ್ಲ" ಅನ್ನುವ ಹಾಗಿಲ್ಲ.

ಈ ಅನಿಲ ನಮ್ಮ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬೆರಳಿನ ಯಂತ್ರಕ್ಕೆ ಎರಡರ ವ್ಯತ್ಯಾಸ ತಿಳಿಯದು, ಅದಕ್ಕೇ 98 ಅಂತ ತೋರಿಸಿದ್ದು. ಗರ್ಭಿಣಿಯರು ಇನ್ನೂ ಎಚ್ಚರವಾಗಿರಬೇಕು. ತಾಯಿಗೆ ಬರೀ ತಲೆನೋವು ಅನ್ನಿಸಿದರೂ ಹೊಟ್ಟೆಯೊಳಗಿನ ಮಗುವಿಗೆ ಪೆಟ್ಟು ಹೆಚ್ಚಾಗಬಹುದು.

ನಮ್ಮ ಊರ ಕಡೆಯವರಿಗೆ ಇನ್ನೊಂದು ಮಾತು. ತಲೆಗೆ ಬಿಸಿನೀರು ಸುರಿದುಕೊಂಡಾಗ ಬರುವ ಒಂದು ಬಗೆಯ ಅಪಸ್ಮಾರವಿದೆ. ದಕ್ಷಿಣ ಕರ್ನಾಟಕದಿಂದ ಅದು ಬಹಳ ವರದಿಯಾಗಿದೆ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಗ್ಯಾಸ್ ಗೀಸರ್‌ನ ವಿಷದಿಂದಲೂ ಬಚ್ಚಲಲ್ಲಿ ಫಿಟ್ಸ್ ಬರಬಹುದು. ಎರಡೂ ಸ್ನಾನದ ಹೊತ್ತಿಗೇ ಬರುವುದರಿಂದ ಒಂದನ್ನು ಇನ್ನೊಂದು ಅಂದುಕೊಳ್ಳುವ ಸಾಧ್ಯತೆ ಇದೆ. ಮನೆಯಲ್ಲಿ ಯಾರಾದರೂ ಬಚ್ಚಲಲ್ಲಿ ಬಿದ್ದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು, "ನಮ್ಮದು ಗ್ಯಾಸ್ ಗೀಸರ್."

ಊರಿನ ಬಚ್ಚಲಲ್ಲಿ ಹಂಡೆ ಒಲೆ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಸೌದೆಯ ಹೊಗೆಯಲ್ಲೂ ಇದೇ ವಿಷ ಇತ್ತು. ಆದರೆ ಆ ಹೊಗೆ ಕಣ್ಣು ಉರಿಸುತ್ತಿತ್ತು, ಕೆಮ್ಮು ಬರಿಸಿ ನಮ್ಮನ್ನು ಹೊರಗೆ ಓಡಿಸುತ್ತಿತ್ತು. ಹೆಂಚಿನ ಸಂದಿ, ಗವಾಕ್ಷಿ, ಸರಿಯಾಗಿ ಮುಚ್ಚದ ಬಾಗಿಲು, ಎಲ್ಲದರಿಂದಲೂ ಗಾಳಿ ಆಡುತ್ತಿತ್ತು. ನಾವು ಆ ಬೆಂಕಿಯನ್ನು ಟೈಲ್ಸ್ ಹಾಕಿದ ಮುಚ್ಚಿದ ಡಬ್ಬಿಗೆ ತಂದಿದ್ದೇವೆ. ಮೊದಲ ಗ್ಯಾಸ್ ಗೀಸರನ್ನು 1868ರಲ್ಲಿ ಲಂಡನ್ನಿನ ಬೆಂಜಮಿನ್ ವಾಡಿ ಮಾನ್ ಎಂಬಾತ ಮಾಡಿದ. ಅದಕ್ಕೆ ಹೊಗೆ ಕೊಳವೆಯೇ ಇರಲಿಲ್ಲ. ಈಗ ಬ್ರಿಟನ್ನಿನ 1998ರ ಗ್ಯಾಸ್ ಸುರಕ್ಷತಾ ನಿಯಮಗಳ ಪ್ರಕಾರ ಸ್ನಾನದ ಕೋಣೆಯಲ್ಲಿ ಹೊಸದಾಗಿ ಹಾಕುವ ಗ್ಯಾಸ್ ಉಪಕರಣ ಕೋಣೆಯ ಗಾಳಿಯನ್ನು ಮುಟ್ಟಲೇಬಾರದು. ನಮ್ಮ ಬಾಡಿಗೆ ಮನೆಯಲ್ಲಿದ್ದದ್ದು ಮಾನ್ ಕಾಲದ ಏರ್ಪಾಡೇ. ಗೀಸರ್‌ನ ನೆತ್ತಿಯ ಮೇಲೆ ಪೈಪ್ ಕೂರಿಸುವ ದುಂಡನೆಯ ಬಾಯಿ ಇತ್ತು, ಪೈಪ್ ಇರಲಿಲ್ಲ. "ಕಿಟಕಿ ಇದೆಯಲ್ಲ ಮೇಡಂ, ಪೈಪ್ ಯಾಕೆ" ಅಂದಿದ್ದ ಹಾಕಲು ಬಂದವನು. ಗೋಡೆ ಕೊರೆಯಲು ಓನರ್ ಒಪ್ಪುವುದಿಲ್ಲ ಅಂತ ನಾನೂ ಹೂಂ ಅಂದೆ. ಆಮೇಲೆ ಇದ್ದ ಕಿಟಕಿಯನ್ನೂ ಮುಚ್ಚಿದೆ.

ಈಗ ಯಾವ ಗೀಸರ್ ಎಲ್ಲಿ ಇರಬಹುದು ಅನ್ನುವುದನ್ನು ನೋಡೋಣ. ಕೊಳವೆಯೇ ಇಲ್ಲದ್ದು ಬಚ್ಚಲೊಳಗೆ ಬೇಡವೇ ಬೇಡ. ಎರಡನೆಯದು, ಕೋಣೆಯ ಗಾಳಿ ತೆಗೆದುಕೊಂಡು ಬಿಸಿ ಹೊಗೆಯನ್ನು ತಾನಾಗಿಯೇ ಕೊಳವೆಯಲ್ಲಿ ಮೇಲಕ್ಕೆ ಕಳಿಸುವುದು. ಇದೂ ಬಚ್ಚಲ ಹೊರಗೇ ಇರಲಿ. ಮೂರನೆಯದರಲ್ಲಿ ಫ್ಯಾನ್ ಹೊಗೆಯನ್ನು ಹೊರಗೆ ತಳ್ಳುತ್ತದೆ, ಆದರೆ ಗಾಳಿ ಕೋಣೆಯದೇ. ನಾಲ್ಕನೆಯದರಲ್ಲಿ ಕೊಳವೆಯೊಳಗೆ ಕೊಳವೆ: ಒಳಗಿನದರಲ್ಲಿ ಹೊಗೆ ಹೊರಗೆ, ಹೊರಗಿನದರಲ್ಲಿ ಹೊಸ ಗಾಳಿ ಒಳಗೆ. ಕೋಣೆಯ ಗಾಳಿಗೂ ಅದಕ್ಕೂ ಸಂಬಂಧವಿಲ್ಲ. ದುಬಾರಿ, ಆದರೆ ಎಲ್ಲಕ್ಕಿಂತ ಸುರಕ್ಷಿತ.

ಪುಣೆಯ ಫ್ಲ್ಯಾಟುಗಳಲ್ಲಿ ಡ್ರೈ ಬಾಲ್ಕನಿ ಇರುತ್ತದೆ. ಗೀಸರ್ ಅಲ್ಲಿಟ್ಟು ಬಚ್ಚಲಿಗೆ ಬಿಸಿನೀರಿನ ಪೈಪ್ ಮಾತ್ರ ತರುವುದು ಒಳ್ಳೆಯದು. ಒಂದು ಷರತ್ತು: ಪಾರಿವಾಳದ ಕಾಟಕ್ಕೆ ಆ ಬಾಲ್ಕನಿಗೆ ಗಾಜು ಹಾಕಿ ಮುಚ್ಚಿದರೆ ಅದೂ ಇನ್ನೊಂದು ಬಚ್ಚಲೇ.

ಕೊಳವೆ ಹಾಕಿಸುವಾಗ ಎದುರು ನಿಂತು ನೋಡಿ. ತಾನಾಗಿ ಮೇಲೇರುವ ಹೊಗೆಯಾದರೆ ಗೀಸರ್ ನೆತ್ತಿಯಿಂದ ಕೊಳವೆ ಮೊದಲು ನೇರ ಮೇಲಕ್ಕೆ ಹೋಗಬೇಕು, ಆಮೇಲೆ ತಿರುವು. ಅಡ್ಡ ಹೋಗುವ ಭಾಗವೂ ಹೊರಕ್ಕೆ ಹೋಗುತ್ತಾ ಏರಬೇಕು. ಬಿಸಿ ಹೊಗೆ ಹಗುರ, ಅದಕ್ಕೆ ಏರುವ ದಾರಿ ಬೇಕು. ತಿರುವುಗಳು ಕಡಿಮೆಯಿದ್ದಷ್ಟೂ ಒಳ್ಳೆಯದು. ನಡುವೆ ಎಲ್ಲೂ ಸಣ್ಣ ಪೈಪ್ ಜೋಡಿಸಬಾರದು. ಲೋಹದ ಕೊಳವೆಯೇ ಆಗಬೇಕು, ಚರಂಡಿಗೆ ಹಾಕುವ ಪಿವಿಸಿ ಶಾಖಕ್ಕೆ ಮೆತ್ತಗಾಗಿ ಜಗ್ಗುತ್ತದೆ. ಫ್ಯಾನ್ ಇರುವ ಗೀಸರಿಗೆ ಓಟವೇ ಬೇರೆ, ಅದರ ಕೈಪಿಡಿ ಹೇಳಿದ ಹಾಗೆ ಮಾಡಿಸಿ. ಕೊಳವೆಯ ತುದಿ ಬಯಲಿನ ಗಾಳಿಯಲ್ಲಿರಬೇಕು, ಮಳೆ, ಹಕ್ಕಿ ಒಳಗೆ ಬಾರದಂತೆ ಟೋಪಿ ಇರಬೇಕು. ಎರಡು ಕಟ್ಟಡದ ನಡುವಿನ ಮುಚ್ಚಿದ ಡಕ್ಟಿಗೆ ಬಿಟ್ಟರೆ ಹೊಗೆ ಮೇಲಿನ ಮನೆಯ ಬಚ್ಚಲಿಗೆ ಹೋಗುತ್ತದೆ. ಪಕ್ಕದ ಮನೆಯ ಕಿಟಕಿಯ ಕೆಳಗೂ ಬೇಡ.

ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು ಅನ್ನುವವರು ಬಹಳ ಜನ. ತಾನಾಗಿ ಮೇಲೇರುವ ಹೊಗೆ ಕೊಳವೆ ಇರುವ ಕೋಣೆಯಲ್ಲೇ ಎಕ್ಸಾಸ್ಟ್ ಫ್ಯಾನ್ ಓಡಿದರೆ, ಹೊರಗಿನ ಗಾಳಿ ಬರಲು ಬೇರೆ ದಾರಿ ಇಲ್ಲದಿದ್ದಾಗ, ಅದು ಕೊಳವೆಯ ಮೂಲಕವೇ ಹೊಗೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಪಕ್ಕದ ಅಡುಗೆಮನೆಯ ಚಿಮಣಿಯೂ ಹೀಗೆ ಮಾಡಬಲ್ಲದು.

ಇದನ್ನು ನೋಡಲು ಸುಲಭವಾದ ಒಂದು ಪರೀಕ್ಷೆ ಇದೆ. ಗ್ಯಾಸ್ ಸೋರುವ ವಾಸನೆ ಇಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಗೀಸರ್ ಇರುವ ಜಾಗದ ಕಿಟಕಿ, ಬಾಗಿಲು ಮುಚ್ಚಿ, ಫ್ಯಾನು, ಚಿಮಣಿ ಹಾಕಿ, ಗೀಸರ್ ಐದು ನಿಮಿಷ ಓಡಲಿ. ಆ ಹೊತ್ತು ನೀವು ಹೊರಗಿರಿ. ಆಮೇಲೆ ಹೋಗಿ, ಕೊಳವೆ ಶುರುವಾಗುವ ಕಡೆಯ ತೆರೆದ ಅಂಚಿನ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಸೆಳೆದುಕೊಂಡರೆ ಸರಿ. ನಿಮ್ಮ ಕಡೆಗೆ ತಿರುಗಿದರೆ ಗೀಸರ್ ಆರಿಸಿ, ಕಿಟಕಿ ತೆರೆದು, ರಿಪೇರಿಯಾಗುವವರೆಗೆ ಹಚ್ಚಬೇಡಿ. ಉರಿ ನೀಲಿಯಾಗಿರಬೇಕು. ಹಳದಿ ಉರಿ, ಕೊಳವೆಯ ಸುತ್ತ ಮಸಿ, ಇವೆರಡೂ ಎಚ್ಚರಿಕೆ. ಸಿಲಿಂಡರಿನಿಂದ ಪೈಪಿನ ಗ್ಯಾಸಿಗೆ ಬದಲಾದವರು ಗೀಸರ್‌ನ ಜೆಟ್ ಬದಲಾಯಿಸದೆ ಜೋಡಿಸಲೇಬೇಡಿ. ಒಂದರ ರಂಧ್ರ ಇನ್ನೊಂದಕ್ಕೆ ಆಗುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ, ತನ್ನಿ. ಎಲ್‌ಪಿಜಿ ಸೋರಿಕೆಯ ಅಲಾರಂ ಬೇರೆ, ಅದು ಈ ಕೆಲಸ ಮಾಡದು.

ಯಾರಾದರೂ ಬಿದ್ದರೆ ಬಾಗಿಲು ಪೂರ್ತಿ ತೆರೆಯಿರಿ, ಉಸಿರು ಬಿಗಿಹಿಡಿದು ಅವರನ್ನು ಹೊರಗೆಳೆಯಿರಿ, ಗ್ಯಾಸ್ ಆರಿಸಿ, 108ಕ್ಕೋ 112ಕ್ಕೋ ಫೋನ್ ಮಾಡಿ. ಅಲ್ಲೇ ನಿಂತು ಉಪಚಾರ ಮಾಡಲು ಹೋಗಿ ಎರಡನೆಯವರೂ ಬೀಳುತ್ತಾರೆ. ಎಚ್ಚರವಾದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಮರೆವು, ಮಂಕು ಕೆಲವು ವಾರಗಳ ನಂತರ ಕಾಣಿಸಿಕೊಳ್ಳುವುದುಂಟು.

ಇನ್ನೇನು ನೀರು ತುಂಬುವ ಹಬ್ಬ. ಮರುದಿನ ನರಕ ಚತುರ್ದಶಿ. ಮನೆಮಂದಿಯೆಲ್ಲ ಎಣ್ಣೆ ಹಚ್ಚಿಕೊಂಡು ನಸುಕಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಬಚ್ಚಲಿಗೆ ಹೋಗುತ್ತಾರೆ, ಗೀಸರ್ ಬಿಡುವಿಲ್ಲದೆ ಉರಿಯುತ್ತದೆ. ಎಲ್ಲರದೂ ಮುಗಿದ ಮೇಲೆ ಕೊನೆಯಲ್ಲಿ ಸ್ನಾನಕ್ಕೆ ಹೋಗುವವರು ಯಾರು? ನಮ್ಮನೆಯಲ್ಲಿ ಅಮ್ಮ. ನಿಮ್ಮನೆಯಲ್ಲಿ ಬಹುಶಃ ನೀವು. ಒಬ್ಬರ ಸ್ನಾನ ಮುಗಿದ ಮೇಲೆ ಹತ್ತು ನಿಮಿಷ ಬಾಗಿಲು, ಕಿಟಕಿ ತೆರೆದಿಡಿ. ಬಕೆಟ್ಟುಗಳಿಗೆ ನೀರು ತುಂಬಿಸಿಕೊಂಡು, ಗೀಸರ್ ಆರಿಸಿ, ಗಾಳಿ ಆಡಿಸಿ, ಆಮೇಲೆ ಒಳಗೆ ಹೋಗಿ. ಇದು ಕೊಳವೆ ಹಾಕಿಸುವವರೆಗಿನ ಮಾತು, ಕೊಳವೆಯ ಬದಲಿಗಲ್ಲ.

ಓನರ್ ಗೋಡೆ ಕೊರೆಯಬೇಡಿ ಅಂದರೆ ಕರೆಂಟಿನ ಗೀಸರ್ ಹಾಕಿಸಿಕೊಳ್ಳಿ. ಸೊಸೈಟಿಯವರು ಹೊರಗೆ ಪೈಪ್ ಕಂಡರೆ ಕಟ್ಟಡದ ಅಂದ ಕೆಡುತ್ತದೆ ಅಂದರೆ ನನ್ನನ್ನು ಕರೆಯಿರಿ, ನಾನು ಬಂದು ಅಮ್ಮನ ಕಥೆ ಹೇಳುತ್ತೇನೆ.

ಅಮ್ಮ ಈಗ ಚೆನ್ನಾಗಿದ್ದಾರೆ. ಪುಣೆಗೆ ಬಂದಾಗಲೆಲ್ಲ ಬಚ್ಚಲ ಕಿಟಕಿ ತೆರೆದಿದೆಯೋ ಇಲ್ಲವೋ ಅಂತ ಮೊದಲು ನೋಡುತ್ತಾರೆ. ಈ ಹಬ್ಬಕ್ಕೆ ಹಂಡೆ ತೊಳೆಯುವ ಹೊತ್ತಿನಲ್ಲಿ ನೀವೂ ಒಮ್ಮೆ ತಲೆಯೆತ್ತಿ ಗೀಸರ್‌ನ ನೆತ್ತಿ ನೋಡಿ. ಕೊಳವೆ ಇದೆಯೇ, ಅದರ ತುದಿ ಎಲ್ಲಿದೆ? ಅಷ್ಟು ನೋಡಿದರೆ ನಾನು ಇಲ್ಲಿ ಮಾತಾಡಿದ್ದು ಸಾರ್ಥಕ.