ಗಡಿನಾಡಿನ ಮಕ್ಕಳಿಗೆ ಚರಿತ್ರೆ ಏಕೆ?



ತರಗತಿಯಲ್ಲಿ ನಮಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಯೊಂದಿದೆ: “ನಮ್ಮ ಹಿರಿಯರು ಆಂಧ್ರಕ್ಕೆ ಎಂದು ಬಂದರು?” ಆ ಎಳೆಯರು ತಾವು ವಲಸೆ ಬಂದವರೆಂದೇ ಭಾವಿಸಿರುವರು. ಮನೆಯ ಮಾತು ಒಂದು, ಕಛೇರಿಯ ಮಾತು ಇನ್ನೊಂದು ಆದಾಗ ಹಾಗೆ ತೋರುವುದು ಸಹಜವೇ. ಆವೇಶದ ಭಾಷಣದಿಂದ ಇದಕ್ಕೆ ಉತ್ತರ ದೊರೆಯದು, ಚರಿತ್ರೆಯಿಂದ ದೊರೆಯುತ್ತದೆ.

1800ರಲ್ಲಿ ನಿಜಾಮರು ಈ ಸೀಮೆಯನ್ನು ಕುಂಪಣಿ ಸರಕಾರಕ್ಕೆ ಬಿಟ್ಟುಕೊಟ್ಟರು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರೆ ಅದರ ಪಾಲಾಯಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ನೆಯ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟಿದಾಗ ಆದವಾನಿ, ಆಲೂರುಗಳೊಡನೆ ರಾಯದುರ್ಗವೂ ಅದಕ್ಕೆ ಸೇರಿತು. ಬಳ್ಳಾರಿ ಮೈಸೂರಿಗೆ ಸಂದಿತು. 2022ರಲ್ಲಿ ಮಡಕಶಿರೆಯನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಗೆರೆ ಇಷ್ಟು ಸಲ ಸರಿದರೂ ಉಳುವ ಹೊಲ, ನೀರು ಸೇದುವ ಬಾವಿ ಕದಲಲಿಲ್ಲ. ಆ ಮಕ್ಕಳಿಗೆ ನಾವು ಹೇಳುವುದಿಷ್ಟೆ: ನಾವು ಬರಲಿಲ್ಲ, ಗಡಿ ಬಂದಿತು.

ಇನ್ನೂ ಹಿಂದಕ್ಕೆ ಹೋದರೆ ನೋಟವೇ ಬೇರೆ. ಮಡಕಶಿರೆಯ ಸೀಮೆಯ ಹೇಮಾವತಿ ಇಂದು ಒಂದು ಹಳ್ಳಿ. ಹೆಂಜೇರು ಎಂದು ಹೆಸರಾಗಿದ್ದ ಅದು ಸಾವಿರ ವರುಷಗಳ ಹಿಂದೆ ನೊಳಂಬವಾಡಿ 32000ಕ್ಕೆ ರಾಜಧಾನಿಯಾಗಿತ್ತು. ಮಹೇಂದ್ರ, ಅಯ್ಯಪ, ಅಣ್ಣಿಗ, ದಿಲೀಪರೆಂಬ ನೊಳಂಬ ಅರಸರನ್ನು ನಾವು ಅರಿತಿರುವುದು ಕಲ್ಲಿನ ಮೇಲಣ ಬರಹಗಳಿಂದ. ದೊಡ್ಡೇಶ್ವರನ ಗುಡಿಯ ಕರಿಕಲ್ಲಿನ ಕೆತ್ತನೆಯನ್ನು ಕಂಡವರು ಮರೆಯಲಾರರು. ತಂಜಾವೂರಿನ ಬಳಿಯ ತಿರುವೈಯಾರಿನ ದೇಗುಲದಲ್ಲಿಯೂ ನೊಳಂಬರ ಕಂಬಗಳಿವೆ. ಚೋಳರ ದಂಡಯಾತ್ರೆಯಲ್ಲಿ ಅವು ಇಲ್ಲಿಂದ ಹೋದವೆಂದು ವಿದ್ವಾಂಸರ ಮತ. ನೊಳಂಬರನ್ನು ಮುರಿದು ‘ನೊಳಂಬಕುಲಾಂತಕ’ನೆಂಬ ಬಿರುದು ಪಡೆದ ಗಂಗರ ಮಾರಸಿಂಹನಾದರೋ ಕನ್ನಡನಾಡಿನ ಅರಸನೇ! ಅಂದಿನ ಕಾಳಗಗಳು ಭಾಷೆಗಾಗಿ ನಡೆದವಲ್ಲ. ಈ ಸೀಮೆಯಲ್ಲಿ ತೆಲುಗು ಶಾಸನಗಳೂ ಉಂಟು. ಅದನ್ನು ಮರೆಮಾಡಿ ಹೇಳುವುದು ವಕೀಲಿಯಾದೀತು, ಚರಿತ್ರೆಯಾಗದು. ನೆರೆಮನೆಯ ತೆಲುಗರೊಡನೆ ನಾಳೆಯೂ ಬಾಳಬೇಕಾದ ಮಕ್ಕಳಿಗೆ ಎರಡೂ ತಿಳಿದಿರಬೇಕು.

ಹಳೆಯ ಶಾಸನಗಳಲ್ಲಿ ಅರಸರ ಬಿರುದುಗಳಿಗಿಂತ ನಮಗೆ ಪ್ರಿಯವಾದ ಪದವೊಂದಿದೆ: ‘ಬಿತ್ತುವಟ್ಟ’. ಕೆರೆಯ ಪಾಲನೆಗೆಂದು ಬಿಟ್ಟ ಭೂಮಿಗೆ ಆ ಹೆಸರು. ಕೆರೆ ಕಟ್ಟಿಸಿದರೆ ಸಾಲದು, ಅದರ ಹೂಳೆತ್ತಲು, ಏರಿಯನ್ನು ಕಾಪಾಡಲು ಶಾಶ್ವತ ಆದಾಯ ಬೇಕೆಂಬುದನ್ನು ನಮ್ಮ ಹಿರಿಯರು ಅರಿತಿದ್ದರು. ಮಳೆ ಅತಿ ಕಡಿಮೆ ಬೀಳುವ ಈ ನೆಲದಲ್ಲಿ ಕೊಳವೆಬಾವಿಗಳು ಬತ್ತುತ್ತಿರುವಾಗ ಆ ಪದದ ಅರ್ಥವನ್ನು ರೈತನ ಮಗ ಪರೀಕ್ಷೆಗಾಗಿ ಮಾತ್ರ ಕಲಿತರೆ ಸಾಕೆ?

ಕಡೆಯದಾಗಿ ಒಂದು ಬಿನ್ನಹ. ಹೊಲದ ಬದುವಿನಲ್ಲಾಗಲಿ ಗುಡಿಯ ಗೋಡೆಯಲ್ಲಾಗಲಿ ಬರಹವುಳ್ಳ ಕಲ್ಲು ಕಂಡರೆ ಸುಣ್ಣ ಬಳಿಯಬೇಡಿ, ಕುಡುಗೋಲು ಮಸೆಯಬೇಡಿ. ಪುರಾತತ್ತ್ವ ಇಲಾಖೆಗೆ ತಿಳಿಸಿ. ಮದರಾಸು ಪ್ರಾಂತ್ಯದ ಕನ್ನಡ ಶಾಸನಗಳ ಸಂಪುಟವು ಆರ್. ಶಾಮಾಶಾಸ್ತ್ರಿಗಳು ಮತ್ತು ಎನ್. ಲಕ್ಷ್ಮೀನಾರಾಯಣ ರಾಯರ ಸಂಪಾದಕತ್ವದಲ್ಲಿ 1939ರಲ್ಲಿ ಹೊರಬಂದಿದೆ. ಸಂಘದ ವಾಚನಾಲಯಕ್ಕೆ ಅದನ್ನು ತರಿಸಿಕೊಟ್ಟಲ್ಲಿ, ಭಾನುವಾರಗಳಂದು ಮಕ್ಕಳೊಡನೆ ಕುಳಿತು ಓದಲು ನಾವು ಸಿದ್ಧರಿದ್ದೇವೆ.