ಹದ ಕಲಿಸುವ ಶಾಲೆ

ಕುಲುಮೆಯ ಹಿರಿಯರೇ, ವೆಲ್ಡಿಂಗ್ ಶಾಪು, ಲೇತ್ ಶಾಪು ನಡೆಸುವ ಅಣ್ಣ ತಮ್ಮಂದಿರೇ, ಐಟಿಐ, ಪಾಲಿಟೆಕ್ನಿಕ್‌ಗಳ ಮೇಷ್ಟ್ರೇ, ಮುಂದಿನ ಸಾಲಿನಲ್ಲಿ ಕೂತಿರುವ ಹುಡುಗ ಹುಡುಗಿಯರೇ,

ಲೋಹವಿದ್ಯೆಯ ತರಬೇತಿ ಕುರಿತ ಸಮಾವೇಶಕ್ಕೆ ನ್ಯಾಮತಿಯೇ ಏಕೆ ಎಂದು ಕೆಲವರು ಕೇಳಿದರು. ಈ ನೆಲಕ್ಕೆ ಲೋಹ ಹೊಸದಲ್ಲ. ಕುದುರೆಕೊಂಡ, ಪಲವನಹಳ್ಳಿ ಕಡೆ ಒಂದು ಕಾಲಕ್ಕೆ ಚಿನ್ನಕ್ಕಾಗಿ ಗಣಿ ತೋಡಿದ್ದರು. ಶಿವಮೊಗ್ಗ ದಾಟಿದರೆ ಭದ್ರಾವತಿ, ಹೊನ್ನಾಳಿ ದಾಟಿದರೆ ಹರಿಹರ. ಭದ್ರಾವತಿಯಲ್ಲಿ 1923ರಲ್ಲಿ ಕೆಮ್ಮಣ್ಣುಗುಂಡಿಯ ಅದಿರನ್ನು ಕಾಡಿನ ಇದ್ದಿಲಿನಲ್ಲಿ ಕರಗಿಸಿ ಕಬ್ಬಿಣ ತೆಗೆದರು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತ್‌ಗಳನ್ನು ಮಾಡಿತು. ನಮ್ಮ ಕಡೆಯ ಹುಡುಗರು ಅಪ್ರೆಂಟಿಸ್ ಆಗಿ ಹೋಗಿ ಕಬ್ಬಿಣದ ಗುಣ ಅರಿತದ್ದು ಇಂಥ ಕಡೆಗಳಲ್ಲಿ. ಕಿರ್ಲೋಸ್ಕರ್ ಬಾಗಿಲು ಮುಚ್ಚಿ ಎರಡು ದಶಕ ದಾಟಿತು. ಭದ್ರಾವತಿ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಖಾನೆ ನಿಂತಾಗ ಹೋದ ಕೆಲಸದ ಲೆಕ್ಕ ಎಲ್ಲರೂ ಹಾಕುತ್ತಾರೆ. ಅಲ್ಲಿ ಫರ್ನೇಸಿನ ಮುಂದೆ ನಿಂತು ಬಣ್ಣ ನೋಡಿಯೇ ಕಾವು ಹೇಳುತ್ತಿದ್ದವರ ತಿಳಿವಳಿಕೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ನನ್ನ ಚಿಂತೆ ಅದು.

ಒಂದು ಅನುಭವ ಹೇಳುತ್ತೇನೆ. ನಾನು ಆಗಷ್ಟೇ ಮೆಟಲರ್ಜಿ ಓದು ಮುಗಿಸಿದ್ದೆ. ಸುಗ್ಗಿಯಲ್ಲಿ ನಮ್ಮ ಚಿಕ್ಕಪ್ಪನ ಮೆಕ್ಕೆಜೋಳ ಬಿಡಿಸುವ ಮೆಷಿನ್ನಿನ ಶಾಫ್ಟು ಮುರಿಯಿತು. ವೆಲ್ಡ್ ಮಾಡಿಸಿ ತಂದೆವು. ಮರುದಿನವೇ ಮತ್ತೆ ಮುರಿಯಿತು, ವೆಲ್ಡಿನ ಜಾಗದಲ್ಲಲ್ಲ, ಅದರಿಂದ ಅರ್ಧ ಬೆರಳು ಆಚೆ. ‘ನನ್ನ ವೆಲ್ಡು ಬಿಟ್ಟಿಲ್ಲ, ನೋಡಿ’ ಎಂದ ವೆಲ್ಡರ್. ಅವನ ಮಾತು ಸರಿಯೇ ಇತ್ತು. ಕಾರಣ ನನಗೆ ಗೊತ್ತಿತ್ತು. ‘ಮಾರ್ಟೆನ್ಸೈಟ್ ಆಗಿದೆ’ ಎಂದೆ. ಅವನು ನನ್ನ ಮುಖ ನೋಡಿದ. ಮುಂದಕ್ಕೆ ಬಿಡಿಸಿ ಹೇಳಲು ನನ್ನಲ್ಲಿ ಮಾತಿರಲಿಲ್ಲ. ಪಕ್ಕದಲ್ಲಿ ಕುಡುಗೋಲಿಗೆ ಕಕ್ಕು ಹಾಕುತ್ತಿದ್ದ ಕಮ್ಮಾರಜ್ಜ ತುಂಡನ್ನು ಕೈಗೆತ್ತಿಕೊಂಡು, ‘ಇಲ್ಲಿ ಹದ ಹತ್ತೈತಪ್ಪ. ಮೊದಲು ಕಾಯಿಸ್ಕೊಂಡು ಬೆಸೀಬೇಕಿತ್ತು, ಆಮೇಲೆ ಬೂದಿಯೊಳಗೆ ಮುಚ್ಚಿಡಬೇಕಿತ್ತು’ ಎಂದರು.

ಪುಸ್ತಕದಲ್ಲಿ ಇರುವುದೂ ಅದೇ. ಇಂಥ ಶಾಫ್ಟುಗಳ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇಕಡಾ 0.4ರಷ್ಟು ಇಂಗಾಲ ಇರುತ್ತದೆ. ವೆಲ್ಡಿಂಗ್ ಕಾವಿಗೆ ಪಕ್ಕದ ಜಾಗ ಕೆಂಪಗಾಗುತ್ತದೆ. ಉಳಿದ ತಣ್ಣನೆಯ ಶಾಫ್ಟು ಆ ಕಾವನ್ನು ಸರ್ರನೆ ಎಳೆದುಕೊಳ್ಳುತ್ತದೆ. ನೀರಿಗೆ ಅದ್ದಿದಷ್ಟೇ ಆಯಿತು. ಆ ಜಾಗ ಗಾಜಿನಂತೆ ಗಟ್ಟಿಯಾಗಿ, ಗಾಜಿನಂತೆಯೇ ಒಡೆಯುತ್ತದೆ. ನಾನು ಮಾರ್ಟೆನ್ಸೈಟ್ ಎಂದದ್ದು ಇದನ್ನೇ.

ನಮ್ಮ ತರಬೇತಿ ಎಲ್ಲಿ ಕುಂಟುತ್ತಿದೆ ಎಂಬುದು ನನಗೆ ಆ ದಿನ ಕಂಡಿತು. ನಾವು ಆಕಾರ ಕಲಿಸುತ್ತೇವೆ: ಕೊರೆಯುವುದು, ಕತ್ತರಿಸುವುದು, ತಿರುಗಿಸುವುದು, ಬೆಸೆಯುವುದು. ಲೋಹದ ಒಳಗೆ ಏನಾಗುತ್ತದೆ ಎಂಬುದನ್ನು ಪಾಠದ ಒಂದು ಮೂಲೆಗೆ ತಳ್ಳುತ್ತೇವೆ. ಉಕ್ಕನ್ನು 727 ಡಿಗ್ರಿ ದಾಟಿಸಿದರೆ ಅದರೊಳಗಿನ ಕಟ್ಟು ಬದಲಾಗುತ್ತದೆ. ಅಲ್ಲಿಂದ ಹೇಗೆ ತಣಿಸುತ್ತೀರಿ ಎಂಬುದರ ಮೇಲೆ ಅದು ಕತ್ತಿಯೋ, ಸ್ಪ್ರಿಂಗೋ, ತಂತಿಯೋ ಆಗುತ್ತದೆ. ನೀರಿಗೆ ಬಿಟ್ಟ ಅಲಗನ್ನು ಉಜ್ಜಿ ಮತ್ತೆ ಮೆಲ್ಲಗೆ ಕಾಯಿಸಿದರೆ ಸುಮಾರು 220 ಡಿಗ್ರಿಗೆ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ ಬಣ್ಣ ಓಡುತ್ತದೆ. ಯಾವ ಬಣ್ಣಕ್ಕೆ ನಿಲ್ಲಿಸಬೇಕು ಎಂಬುದು ಕಮ್ಮಾರನಿಗೆ ಗೊತ್ತು; ಏಕೆ ಎಂಬುದು ಎಂಜಿನಿಯರಿಗೆ ಗೊತ್ತು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವ ಶಾಲೆ ನಮಗೆ ಬೇಕು. ಅದು ಕನ್ನಡದಲ್ಲಿ ನಡೆಯಬೇಕು.

ಕನ್ನಡಕ್ಕೆ ಈ ವಿಷಯ ಭಾರವೆನ್ನುವವರಿಗೆ ಒಂದು ಮಾತು. ಮೈಸೂರು ಸೀಮೆಯಲ್ಲೂ ಮೂಸೆಯಲ್ಲಿ ಮಾಡುತ್ತಿದ್ದ ಉಕ್ಕನ್ನು ಜಗತ್ತು ‘ವೂಟ್ಜ್’ ಎಂದು ಕರೆಯಿತು. ಆ ಹೆಸರು ನಮ್ಮ ‘ಉಕ್ಕು’ ಎಂಬುದರಿಂದಲೇ ಹುಟ್ಟಿತೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಲಂಡನ್ನಿನ ಮೈಕೆಲ್ ಫ್ಯಾರಡೆ, ಅವರೂ ಕಮ್ಮಾರನ ಮಗ, 1819ರ ಸುಮಾರಿಗೆ ಈ ಉಕ್ಕಿನ ಗುಟ್ಟು ಹುಡುಕಲು ವರ್ಷಗಟ್ಟಲೆ ದುಡಿದರು.

ಮೇಲಿನ ಮಟ್ಟದ ಓದಿಗೆ ಕರ್ನಾಟಕದಲ್ಲಿ ಕೊರತೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ ಇದೆ, ಸುರತ್ಕಲ್ಲಿನ ಎನ್‌ಐಟಿ ಇದೆ. ಉಪಕರಣ ತಯಾರಿಕೆಗೆ 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಜಿಟಿಟಿಸಿ ಇದೆ. ಕಮ್ಮಾರರೂ ಸೇರಿ ಹಲವು ಕಸುಬಿನವರಿಗೆಂದು 2023ರ ಸೆಪ್ಟೆಂಬರಿನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. ಅದರ ಮೂಲ ತರಬೇತಿ ಐದರಿಂದ ಏಳು ದಿನ. ಬಂದದ್ದು ಒಳ್ಳೆಯದೇ. ಆದರೆ ನಲವತ್ತು ವರ್ಷ ಬೆಂಕಿಯ ಮುಂದೆ ಕೂತವರನ್ನು ಕಲಿಯಲು ಮಾತ್ರ ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಅವರು ಕಲಿಸಲೂ ಬೇಕು, ಅದಕ್ಕೆ ಸಂಬಳವೂ ಸಿಗಬೇಕು. ವಿಶ್ವೇಶ್ವರಯ್ಯನವರು ಭದ್ರಾವತಿ ಕಾರ್ಖಾನೆಯಿಂದ ತಮಗೆ ಬರಬೇಕಿದ್ದ ಸಂಭಾವನೆಯನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆ ಕಟ್ಟಲು ಕೊಟ್ಟರು; ಅದೇ ಇಂದಿನ ಎಸ್‌.ಜೆ. ಪಾಲಿಟೆಕ್ನಿಕ್. ಕಬ್ಬಿಣದ ಹಣ ಕಲಿಕೆಗೆ ಹೋಗಬೇಕೆಂದು ಅವರಿಗೆ ಅನ್ನಿಸಿತ್ತು.

ಇಂಥ ಶಾಲೆಗಾಗಿ ನಾನು ಕೇಳುವುದು ದೊಡ್ಡ ಕಟ್ಟಡವನ್ನಲ್ಲ. ಕಾವು ತೋರಿಸುವ ಒಂದು ಸಣ್ಣ ಕರೆಂಟಿನ ಒಲೆ, ಗಡಸುತನ ಅಳೆಯುವ ಒಂದು ಯಂತ್ರ, ಲೋಹ ನೋಡುವ ಒಂದು ಮೈಕ್ರೋಸ್ಕೋಪು. ಭದ್ರಾವತಿಯಿಂದ ನಿವೃತ್ತರಾದ ಹಿರಿಯರು ವಾರಕ್ಕೆರಡು ದಿನ ಬರಲಿ. ಮೊದಲ ಪಾಠ ಚನ್ನಗಿರಿಯ ಅಡಿಕೆ ಸುಲಿಯುವ ಮೆಷಿನ್ನಿನ ಬ್ಲೇಡು: ಸುಗ್ಗಿಯ ನಡುವೆ ಅದು ಏಕೆ ಸವೆಯಿತು, ಏಕೆ ಮುರಿಯಿತು, ಹೇಗೆ ಹದ ಕೊಡಬೇಕು. ಈ ಬೇಡಿಕೆ ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯವಾಗಿ ಬರುತ್ತದೆ. ದಯವಿಟ್ಟು ಕೈ ಎತ್ತುವ ಮೊದಲು ಚರ್ಚಿಸಿ.

ಅದಕ್ಕೂ ಮೊದಲು ಪೆಂಡಾಲಿನ ಹಿಂದೆ ಬನ್ನಿ. ಅಲ್ಲಿ ಕುಲುಮೆ ಹೊತ್ತಿಸಿದ್ದಾರೆ. ಎರಡು ತುಂಡು ಇಟ್ಟಿದ್ದೇವೆ: ಒಂದು ಸಾಮಾನ್ಯ ಸರಳು, ಇನ್ನೊಂದು ಲಾರಿಯ ಸ್ಪ್ರಿಂಗ್ ಪಟ್ಟಿ. ನೋಡಲು ಎರಡೂ ಒಂದೇ ಕಪ್ಪು. ಎರಡನ್ನೂ ಕೆಂಪಗೆ ಕಾಯಿಸಿ ಸರ್ರನೆ ತಣಿಸುತ್ತೇವೆ. ಆಮೇಲೆ ಅರ ನಿಮ್ಮ ಕೈಗೇ ಕೊಡುತ್ತೇವೆ. ಯಾವುದರ ಮೇಲೆ ಅದು ಕಚ್ಚುತ್ತದೆ, ಯಾವುದರ ಮೇಲೆ ಜಾರುತ್ತದೆ, ನೀವೇ ಉಜ್ಜಿ ನೋಡಿ.